ಹಗಲಿನ ಬಿಸಿಲು, ರಾತ್ರಿಯ ಕರೆಂಟು: ಪಾವಗಡದಿಂದ ಶರಾವತಿವರೆಗೆ ಒಂದು ಲೆಕ್ಕ

2025ರ ಸೆಪ್ಟೆಂಬರ್‌ನಲ್ಲಿ ಎರಡು ಊರುಗಳಲ್ಲಿ ಸಾರ್ವಜನಿಕ ಅಹವಾಲು ಸಭೆ ನಡೆಯಿತು. ಒಂದು ಸಾಗರ ತಾಲ್ಲೂಕಿನ ಕಾರ್ಗಲ್‌ನಲ್ಲಿ, ಇನ್ನೊಂದು ಘಟ್ಟದ ಕೆಳಗೆ ಹೊನ್ನಾವರ ತಾಲ್ಲೂಕಿನ ಗೇರುಸೊಪ್ಪದಲ್ಲಿ. ವಿಷಯ ಶರಾವತಿ ಪಂಪ್ಡ್ ಸ್ಟೋರೇಜ್ ಯೋಜನೆ, ಅಂದರೆ ಮೇಲಿನ ಜಲಾಶಯದ ನೀರನ್ನು ಕೆಳಗೆ ಬಿಟ್ಟು ಕರೆಂಟು ತೆಗೆದು, ಮತ್ತೆ ಅದೇ ನೀರನ್ನು ಮೇಲೆ ಎತ್ತಿಡುವ ಯೋಜನೆ. ಎರಡೂ ಕಡೆ ಜೋರು ವಿರೋಧ ಬಂತು.

ಸುದ್ದಿ ಓದಿದವರಲ್ಲಿ ಬಹಳ ಜನರಿಗೆ ಒಂದು ವಿಷಯ ಅರ್ಥವಾಗಲಿಲ್ಲ. ಈ ಯೋಜನೆ ಹವಾಮಾನ ಬದಲಾವಣೆ ತಡೆಯಲು ಬೇಕು ಅಂತ ಸರ್ಕಾರ ಹೇಳುತ್ತದೆ. ಪರಿಸರ ಉಳಿಸಿ ಅನ್ನುವವರೇ ಅದನ್ನು ಬೇಡ ಅನ್ನುತ್ತಾರೆ. ಪಾವಗಡದಲ್ಲಿ ಅಷ್ಟು ದೊಡ್ಡ ಸೋಲಾರ್ ಪಾರ್ಕ್ ಇರುವಾಗ ಮಲೆನಾಡಿನ ಕಾಡಿಗೆ ಯಾಕೆ ಕೈ ಹಾಕಬೇಕು? ಮೇಲಿನ ನೀರನ್ನು ಕೆಳಗೆ ಬಿಟ್ಟು, ಮತ್ತೆ ಅದನ್ನೇ ಮೇಲೆ ಎತ್ತಿದರೆ ಕರೆಂಟು ಹೇಗೆ ಉಳಿಯುತ್ತದೆ?

ಪ್ರಶ್ನೆಗಳು ನ್ಯಾಯವಾದವೇ. ಉತ್ತರಕ್ಕೆ ಸ್ವಲ್ಪ ಹಿಂದಿನಿಂದ ಬರಬೇಕು.

## ದೇಶ ಕೊಟ್ಟ ಮಾತು

2015ರಲ್ಲಿ ಜಗತ್ತಿನ ದೇಶಗಳು ಎರಡು ದೊಡ್ಡ ಒಪ್ಪಂದಗಳಿಗೆ ಬಂದವು. ಸೆಪ್ಟೆಂಬರ್‌ನಲ್ಲಿ ವಿಶ್ವಸಂಸ್ಥೆ 17 ಸುಸ್ಥಿರ ಅಭಿವೃದ್ಧಿ ಗುರಿಗಳನ್ನು ಇಟ್ಟುಕೊಂಡಿತು. ಬಡತನ, ಹಸಿವು, ಆರೋಗ್ಯ, ಶಾಲೆ, ನೀರು ಎಲ್ಲವೂ ಅದರಲ್ಲಿದೆ. 2030 ಅದರ ಗಡುವು. ಸುಸ್ಥಿರ ಅಂದರೆ ಇವತ್ತಿನ ಅಗತ್ಯ ಪೂರೈಸಿಕೊಳ್ಳುವ ಭರದಲ್ಲಿ ಮುಂದಿನವರ ಪಾಲನ್ನು ತಿಂದು ಮುಗಿಸದಿರುವುದು, ಅಷ್ಟೇ. ಇವುಗಳಲ್ಲಿ ಏಳನೇ ಗುರಿ ಎಲ್ಲರ ಕೈಗೆಟಕುವ ಶುದ್ಧ ಇಂಧನ. ಹದಿಮೂರನೆಯದು ಹವಾಮಾನದ ಬಗ್ಗೆ ಕ್ರಮ. ಹದಿನೈದನೆಯದು ನೆಲದ ಮೇಲಿನ ಜೀವಸಂಕುಲ, ಕಾಡು. ಈ ಮೂರೂ ಯಾವಾಗಲೂ ಒಂದೇ ದಿಕ್ಕಿಗೆ ನಡೆಯುವುದಿಲ್ಲ ಅನ್ನುವುದೇ ಶರಾವತಿಯ ಕಥೆ.

ಅದೇ ವರ್ಷ ಡಿಸೆಂಬರ್‌ನಲ್ಲಿ ಪ್ಯಾರಿಸ್ ಒಪ್ಪಂದ ಆಯಿತು. ಭೂಮಿಯ ಸರಾಸರಿ ತಾಪಮಾನ ಕೈಗಾರಿಕೆಗಳು ಬರುವ ಮುಂಚಿನ ಮಟ್ಟಕ್ಕಿಂತ 2 ಡಿಗ್ರಿ ಸೆಲ್ಸಿಯಸ್‌ಗೂ ಸಾಕಷ್ಟು ಕಡಿಮೆ ಏರಬೇಕು, ಸಾಧ್ಯವಾದರೆ 1.5 ಡಿಗ್ರಿಗೇ ನಿಲ್ಲಬೇಕು ಎಂಬುದು ಅದರ ತಿರುಳು. ಪ್ರತಿ ದೇಶವೂ ತಾನು ಏನು ಮಾಡುತ್ತೇನೆ ಎಂದು ತಾನೇ ಬರೆದುಕೊಡಬೇಕು.

ಭಾರತ 2022ರಲ್ಲಿ ಬರೆದುಕೊಟ್ಟ ಪಟ್ಟಿಯಲ್ಲಿ ಎರಡು ಅಂಕಿಗಳಿವೆ. ಒಂದು, 2030ರ ಹೊತ್ತಿಗೆ ವಿದ್ಯುತ್ ಸ್ಥಾವರಗಳ ಒಟ್ಟು ಸಾಮರ್ಥ್ಯದಲ್ಲಿ ಅರ್ಧದಷ್ಟು ಕಲ್ಲಿದ್ದಲು, ಗ್ಯಾಸ್, ಡೀಸೆಲ್ ಬಿಟ್ಟು ಬೇರೆ ಮೂಲದ್ದಾಗಿರಬೇಕು. ಎರಡು, ದೇಶದ ಪ್ರತಿ ರೂಪಾಯಿ ಉತ್ಪತ್ತಿಗೆ ಹೊರಬೀಳುವ ಇಂಗಾಲದ ಹೊಗೆ 2005ಕ್ಕೆ ಹೋಲಿಸಿದರೆ ಶೇ. 45ರಷ್ಟು ಇಳಿಯಬೇಕು. ಇದನ್ನು ಸ್ವಲ್ಪ ಗಮನವಿಟ್ಟು ಓದಿ. ಇಳಿಯಬೇಕಾದದ್ದು ಒಟ್ಟು ಹೊಗೆಯಲ್ಲ, ಒಂದು ರೂಪಾಯಿಗೆ ಎಷ್ಟು ಹೊಗೆ ಎಂಬ ಲೆಕ್ಕ. ಆರ್ಥಿಕತೆ ಬೆಳೆಯುತ್ತಾ ಹೋದರೆ ಈ ಲೆಕ್ಕ ಇಳಿದರೂ ಒಟ್ಟು ಹೊಗೆ ಏರಬಹುದು, ಏರುತ್ತಲೂ ಇದೆ. ಒಟ್ಟು ಹೊಗೆಯ ಬಗ್ಗೆ ಇರುವ ಮಾತು ಬೇರೆ. ಅದು 2021ರಲ್ಲಿ ಗ್ಲಾಸ್ಗೋದಲ್ಲಿ ಪ್ರಧಾನಿ ಘೋಷಿಸಿದ ನೆಟ್ ಝೀರೋ ಗುರಿ. 2070ರ ಹೊತ್ತಿಗೆ ನಾವು ಗಾಳಿಗೆ ಬಿಡುವ ಹೊಗೆಯೂ, ಕಾಡು ಮತ್ತಿತರ ದಾರಿಗಳಿಂದ ಗಾಳಿಯಿಂದ ಹಿಂದಕ್ಕೆ ಪಡೆಯುವುದೂ ಸಮ ಆಗಬೇಕು.

ಪ್ರಗತಿ ಏನಾಗಿದೆ? ಹೊಗೆಯ ಲೆಕ್ಕ 2020ರ ಹೊತ್ತಿಗೇ ಶೇ. 36ರಷ್ಟು ಇಳಿದಿತ್ತು ಎಂದು ಭಾರತ ವಿಶ್ವಸಂಸ್ಥೆಗೆ ವರದಿ ಕೊಟ್ಟಿದೆ. ಸ್ಥಾವರಗಳ ಗುರಿ ಇನ್ನೂ ಬೇಗ ಮುಟ್ಟಿತು. 2025ರ ಜೂನ್ ಕೊನೆಗೆ ದೇಶದ ಒಟ್ಟು ಸಾಮರ್ಥ್ಯ ಸುಮಾರು 485 ಗಿಗಾವ್ಯಾಟ್ (ಒಂದು ಗಿಗಾವ್ಯಾಟ್ ಅಂದರೆ ಸಾವಿರ ಮೆಗಾವ್ಯಾಟ್). ಅದರಲ್ಲಿ ಅರ್ಧಕ್ಕಿಂತ ತುಸು ಹೆಚ್ಚು ಸೂರ್ಯ, ಗಾಳಿ, ನೀರು, ಅಣುವಿನಂಥ ಮೂಲಗಳದ್ದು. ಗಡುವಿಗೆ ಐದು ವರ್ಷ ಮುಂಚೆಯೇ. ನಿಜಕ್ಕೂ ದೊಡ್ಡ ಸಾಧನೆ.

ಆದರೆ ಅದೇ ವರ್ಷ ನಮ್ಮ ಮನೆಗಳಿಗೆ ಬಂದ ಪ್ರತಿ ಹತ್ತು ಯೂನಿಟ್ ಕರೆಂಟಿನಲ್ಲಿ ಸುಮಾರು ಏಳು ಕಲ್ಲಿದ್ದಲಿನದ್ದು. ಅರ್ಧ ಸಾಮರ್ಥ್ಯ ಶುದ್ಧ ಮೂಲದ್ದು ಅಂದಮೇಲೆ ಕರೆಂಟೂ ಅರ್ಧ ಶುದ್ಧವಾಗಿರಬೇಕಿತ್ತಲ್ವಾ? ಇಲ್ಲಿಂದಲೇ ಗೊಂದಲ ಶುರು.

## ಮೆಗಾವ್ಯಾಟ್ ಬೇರೆ, ಯೂನಿಟ್ ಬೇರೆ

ಮೆಗಾವ್ಯಾಟ್ ಎಂಬುದು ಒಂದು ಸ್ಥಾವರ ಪೂರ್ತಿ ದಮ್ಮು ಕಟ್ಟಿ ಓಡಿದರೆ ಆ ಕ್ಷಣಕ್ಕೆ ಎಷ್ಟು ಕೊಡಬಲ್ಲದು ಎಂಬ ಅಳತೆ. ಯೂನಿಟ್ ಎಂಬುದು ನಿಜವಾಗಿ ಎಷ್ಟು ಕೊಟ್ಟಿತು ಎಂಬ ಲೆಕ್ಕ. ಬಿಲ್ಲಿನಲ್ಲಿ ನಾವು ದುಡ್ಡು ಕೊಡುವುದು ಯೂನಿಟ್‌ಗೆ. ಸಾವಿರ ವ್ಯಾಟಿನ ಇಸ್ತ್ರಿಪೆಟ್ಟಿಗೆ ಒಂದು ಗಂಟೆ ಉರಿದರೆ ಒಂದು ಯೂನಿಟ್.

ತಾರಸಿ ಮೇಲೆ ಒಂದು ಕಿಲೋವ್ಯಾಟ್ ಸೋಲಾರ್ ಪ್ಯಾನೆಲ್ ಹಾಕಿಸಿದಿರಿ ಅಂದುಕೊಳ್ಳಿ. ಅದು 24 ಗಂಟೆ ಪೂರ್ತಿ ಕೆಲಸ ಮಾಡಿದ್ದರೆ 24 ಯೂನಿಟ್ ಬರಬೇಕಿತ್ತು. ನಮ್ಮ ರಾಜ್ಯದ ಬಿಸಿಲಿಗೆ ದಿನಕ್ಕೆ ಸರಾಸರಿ ಬರುವುದು ಸುಮಾರು ನಾಲ್ಕು. ರಾತ್ರಿ ಸೊನ್ನೆ. ಬೆಳಿಗ್ಗೆ, ಸಂಜೆ ಅಲ್ಪಸ್ವಲ್ಪ. ಮೋಡ ಬಂದರೆ ಇಳಿಕೆ. ಇದು ಪ್ಯಾನೆಲ್ಲಿನ ದೋಷವಲ್ಲ, ಸೂರ್ಯನ ಡ್ಯೂಟಿ ಟೈಮೇ ಅಷ್ಟು.

ಈಗ ಪಾವಗಡಕ್ಕೆ ಬನ್ನಿ. ಅಲ್ಲಿನ ಪಾರ್ಕ್ 2,050 ಮೆಗಾವ್ಯಾಟ್. ದಿನವಿಡೀ ಪೂರ್ತಿ ಓಡಿದ್ದರೆ 4.9 ಕೋಟಿ ಯೂನಿಟ್ ಬರಬೇಕು. ಇಂಥ ಪಾರ್ಕುಗಳು ಸಾಮಾನ್ಯವಾಗಿ ಕೊಡುವುದು ಅದರ ಐದನೇ ಒಂದರಿಂದ ನಾಲ್ಕನೇ ಒಂದು ಭಾಗ. ಅಂದರೆ ಒಂದು ಕೋಟಿ ಯೂನಿಟ್ ಆಸುಪಾಸು. ರಾಯಚೂರಿನ ಶಾಖೋತ್ಪನ್ನ ಕೇಂದ್ರ 1,720 ಮೆಗಾವ್ಯಾಟ್, ಪಾವಗಡಕ್ಕಿಂತ ಚಿಕ್ಕದು. ಆದರೆ ಶೇ. 75ರಷ್ಟು ಓಡಿದರೂ ದಿನಕ್ಕೆ ಮೂರು ಕೋಟಿ ಯೂನಿಟ್ ಕೊಡುತ್ತದೆ. ಬೇಸಿಗೆಯಲ್ಲಿ ಇಡೀ ಕರ್ನಾಟಕದ ದಿನದ ಬಳಕೆ 30 ಕೋಟಿ ಯೂನಿಟ್ ದಾಟುವುದುಂಟು.

ಹಾಗಂತ ಪಾವಗಡ ಸುಮ್ನೆ ಅಲ್ಲ. ಕಲ್ಲಿದ್ದಲಿನ ಒಂದು ಯೂನಿಟ್‌ಗೆ ಸುಮಾರು ಒಂದು ಕೆಜಿ ಕಾರ್ಬನ್ ಡೈಆಕ್ಸೈಡ್ ಗಾಳಿಗೆ ಹೋಗುತ್ತದೆ. ಒಂದು ಕೋಟಿ ಯೂನಿಟ್ ಬಿಸಿಲಿನಿಂದ ಬಂದು ಅಷ್ಟೇ ಕಲ್ಲಿದ್ದಲು ಉರಿಯದೆ ಉಳಿದರೆ, ಒಂದು ದಿನಕ್ಕೆ ಹತ್ತು ಸಾವಿರ ಟನ್ ಹೊಗೆ ತಪ್ಪಿದ ಹಾಗೆ.

## ಪಾವಗಡದಲ್ಲಿ ಏನಾಯಿತು

ತುಮಕೂರು ಜಿಲ್ಲೆಯ ಪಾವಗಡ ತಾಲ್ಲೂಕು ಆಂಧ್ರಕ್ಕೆ ಒತ್ತಿಕೊಂಡಿದೆ. ಮಳೆ ಕಮ್ಮಿ. ಬರಪೀಡಿತ ಪಟ್ಟಿಯಲ್ಲಿ ಪದೇ ಪದೇ ಹೆಸರು ಬರುವ ತಾಲ್ಲೂಕು. ಶೇಂಗಾ ಬಿತ್ತಿ ಆಕಾಶ ನೋಡುವ ಕೃಷಿ. ಇಲ್ಲಿನ ಬಳಸಮುದ್ರ, ತಿರುಮಣಿ, ವಳ್ಳೂರು, ರಾಯಚೆರ್ಲು, ಕ್ಯಾತಗಾನಚೆರ್ಲು ಎಂಬ ಐದು ಗ್ರಾಮಗಳ ಸುಮಾರು 13 ಸಾವಿರ ಎಕರೆಯಲ್ಲಿ ಪಾರ್ಕ್ ಹರಡಿದೆ. 2018ರಲ್ಲಿ ಮೊದಲ ಹಂತ ಶುರುವಾಗಿ 2019ರ ಕೊನೆಗೆ ಪೂರ್ತಿಯಾಯಿತು. ಆಗ ಜಗತ್ತಿನ ಅತಿ ದೊಡ್ಡ ಸೋಲಾರ್ ಪಾರ್ಕುಗಳಲ್ಲಿ ಅದೂ ಒಂದು.

ಇಲ್ಲಿ ಮಾಡಿದ ಒಂದು ಕೆಲಸ ದೇಶದ ಗಮನ ಸೆಳೆಯಿತು. ರೈತರ ಜಮೀನು ಕೊಳ್ಳಲಿಲ್ಲ, ಗುತ್ತಿಗೆಗೆ ಪಡೆದರು. ಎಕರೆಗೆ ವರ್ಷಕ್ಕೆ 21 ಸಾವಿರ ರೂಪಾಯಿ, ಎರಡು ವರ್ಷಕ್ಕೊಮ್ಮೆ ಶೇ. 5 ಏರಿಕೆ. ಪಹಣಿಯಲ್ಲಿ ಹೆಸರು ರೈತನದ್ದೇ. ಮಳೆ ಬಂದರೂ ಬಾರದಿದ್ದರೂ ದುಡ್ಡು ಬರುತ್ತದೆ. ಹತ್ತು ಎಕರೆ ಇದ್ದವನಿಗೆ ವರ್ಷಕ್ಕೆ ಎರಡು ಲಕ್ಷ ದಾಟಿತು. ಆ ಸೀಮೆಯ ಒಣಬೇಸಾಯದಲ್ಲಿ ಇಷ್ಟು ಖಾತ್ರಿ ದುಡ್ಡು ಕಂಡವರು ಕಡಿಮೆ.

ಜಮೀನು ಇದ್ದವರ ಕಥೆ ಇದು. ಜಮೀನೇ ಇಲ್ಲದವರ ಕಥೆ ಬೇರೆ. ಇನ್ನೊಬ್ಬರ ಹೊಲದಲ್ಲಿ ಕಳೆ ಕಿತ್ತು, ಶೇಂಗಾ ಬಿಡಿಸಿ ಬದುಕುತ್ತಿದ್ದವರಿಗೆ ಆ ಕೂಲಿ ನಿಂತಿತು. ಗುತ್ತಿಗೆ ಹಣದಲ್ಲಿ ಅವರಿಗೆ ಪಾಲಿಲ್ಲ. ಕುರಿ ಮೇಯಿಸುತ್ತಿದ್ದ ಜಾಗಕ್ಕೆ ಬೇಲಿ ಬಂತು. ಪ್ಯಾನೆಲ್ ಒರೆಸುವುದು, ಹುಲ್ಲು ಕತ್ತರಿಸುವುದು, ಕಾವಲು, ಇಂಥ ಕೆಲಸಗಳು ಹುಟ್ಟಿದವು, ನಿಜ. ಆದರೆ ಕಟ್ಟುವಾಗ ಬೇಕಾದಷ್ಟು ಕೈಗಳು ಕಟ್ಟಿದ ಮೇಲೆ ಬೇಡ. ಸೋಲಾರ್ ಪಾರ್ಕಿನ ಸ್ವಭಾವವೇ ಹಾಗೆ, ಅದು ತಾನಾಗಿ ಓಡುತ್ತದೆ.

ಸುಸ್ಥಿರ ಅಭಿವೃದ್ಧಿಯ ಮಾತಿನಲ್ಲಿ ಇದು ಯಾವ ಕಡೆ ಬರುತ್ತದೆ? ಹೊಗೆಯ ಲೆಕ್ಕದಲ್ಲಿ ಲಾಭ. ಜಮೀನುದಾರ ರೈತನ ಲೆಕ್ಕದಲ್ಲೂ ಲಾಭ. ಕೂಲಿಯವರ ಲೆಕ್ಕ ಬರೆಯುವ ಕಾಲಂ ಮಾತ್ರ ಯಾರ ಪುಸ್ತಕದಲ್ಲೂ ಇರಲಿಲ್ಲ. ಮುಂದಿನ ಪಾರ್ಕುಗಳಿಗೆ ಪಾವಗಡದಿಂದ ಕಲಿಯಬೇಕಾದದ್ದು ಗುತ್ತಿಗೆ ಪದ್ಧತಿ ಒಂದೇ ಅಲ್ಲ, ಈ ಖಾಲಿ ಕಾಲಮ್ಮೂ ಹೌದು.

## ಸಂಜೆ ಆರರ ಸಮಸ್ಯೆ

ಕರೆಂಟಿಗೆ ಒಂದು ವಿಚಿತ್ರ ಗುಣ. ಉತ್ಪಾದಿಸಿದ ಕ್ಷಣವೇ ಅದನ್ನು ಯಾರಾದರೂ ಬಳಸಬೇಕು. ತಂತಿಯಲ್ಲಿ ಕೂಡಿಡಲು ಬರುವುದಿಲ್ಲ. ಉತ್ಪಾದನೆ ಮತ್ತು ಬಳಕೆ ಸದಾ ಸಮ ಇದ್ದರೆ ಗ್ರಿಡ್‌ನ ಫ್ರೀಕ್ವೆನ್ಸಿ, ಅಂದರೆ ಕರೆಂಟು ಸೆಕೆಂಡಿಗೆ ಎಷ್ಟು ಸಲ ಹಿಂದೆ ಮುಂದೆ ತೂಗುತ್ತದೆ ಎಂಬ ಎಣಿಕೆ, 50 ಹರ್ಟ್ಸ್ ಆಸುಪಾಸು ಇರುತ್ತದೆ. ಗ್ರಿಡ್ ಅಂದರೆ ಸ್ಥಾವರ, ಟವರ್, ಸಬ್‌ಸ್ಟೇಷನ್, ತಂತಿ ಎಲ್ಲ ಸೇರಿದ ಜಾಲ. ಬಳಕೆ ಜಾಸ್ತಿಯಾದರೆ ಫ್ರೀಕ್ವೆನ್ಸಿ ಇಳಿಯುತ್ತದೆ, ಉತ್ಪಾದನೆ ಜಾಸ್ತಿಯಾದರೆ ಏರುತ್ತದೆ. ತೀರಾ ಹೆಚ್ಚುಕಡಿಮೆಯಾದರೆ ಯಂತ್ರಗಳು ತಮ್ಮನ್ನು ಕಾಪಾಡಿಕೊಳ್ಳಲು ಒಂದೊಂದಾಗಿ ಕಳಚಿಕೊಳ್ಳುತ್ತವೆ. 2012ರ ಜುಲೈ 30 ಮತ್ತು 31ರಂದು ಉತ್ತರ ಭಾರತ ಕತ್ತಲಾದದ್ದು ಇಂಥ ಸರಪಳಿ ಕುಸಿತದಿಂದ. ಎರಡನೇ ದಿನ ಸುಮಾರು 60 ಕೋಟಿ ಜನರಿಗೆ ಅದು ತಟ್ಟಿತು. ದಕ್ಷಿಣಕ್ಕೆ ಏನೂ ಆಗಲಿಲ್ಲ. ನಮ್ಮ ಗ್ರಿಡ್ ಆಗ ಬೇರೆಯೇ ಇತ್ತು. ಅದು ಉಳಿದ ದೇಶದೊಂದಿಗೆ ಒಂದೇ ತಾಳಕ್ಕೆ ಸೇರಿದ್ದು 2013ರ ಡಿಸೆಂಬರ್ 31ರಂದು, ರಾಯಚೂರು–ಸೋಲಾಪುರ ಲೈನಿನ ಮೂಲಕ.

ಈಗ ಒಂದು ಬೇಸಿಗೆ ದಿನ ನೋಡೋಣ. ಮಧ್ಯಾಹ್ನ 12ಕ್ಕೆ ಸೋಲಾರ್ ಉಕ್ಕುತ್ತಿರುತ್ತದೆ. ಅದಕ್ಕೆ ಜಾಗ ಮಾಡಿಕೊಡಲು ರಾಯಚೂರು, ಬಳ್ಳಾರಿಯ ಕಲ್ಲಿದ್ದಲು ಘಟಕಗಳು ತಗ್ಗಬೇಕು. ಆದರೆ ಕಲ್ಲಿದ್ದಲಿನ ಬಾಯ್ಲರ್ ಸ್ವಿಚ್ ಒತ್ತಿ ಆರಿಸಿ ಮತ್ತೆ ಹಚ್ಚುವ ವಸ್ತುವಲ್ಲ. ಪೂರ್ತಿ ತಣ್ಣಗಾದರೆ ಮತ್ತೆ ಕಾಯಲು ಗಂಟೆಗಟ್ಟಲೆ ಬೇಕು. ಹಾಗಾಗಿ ಒಂದು ಮಟ್ಟದವರೆಗೆ ಮಾತ್ರ ತಗ್ಗಿಸಬಹುದು. ಕೇಂದ್ರದ 2023ರ ನಿಯಮದ ಪ್ರಕಾರ ಆ ಮಟ್ಟ ಸಾಮರ್ಥ್ಯದ ಶೇ. 55, ಹಂತ ಹಂತವಾಗಿ 40ಕ್ಕೆ ಇಳಿಸಬೇಕು. ಅದಕ್ಕೂ ಕೆಳಗೆ ಹೋಗಲಾಗದಿದ್ದರೆ, ಬರುತ್ತಿರುವ ಬಿಸಿಲಿನ ಕರೆಂಟನ್ನೇ ಬೇಡ ಅನ್ನಬೇಕಾಗುತ್ತದೆ. ಪುಕ್ಕಟೆ ಬಿಸಿಲು ವ್ಯರ್ಥ.

ಸಂಜೆ ಆರು ಗಂಟೆಗೆ ಉಲ್ಟಾ. ಸೂರ್ಯ ಮುಳುಗುವ ಹೊತ್ತಿಗೇ ಜನ ಮನೆಗೆ ಬರುತ್ತಾರೆ. ದೀಪ, ಫ್ಯಾನ್, ಟಿವಿ, ಮಿಕ್ಸಿ, ಎಸಿ, ಅಂಗಡಿ ಬೋರ್ಡ್ ಎಲ್ಲ ಒಟ್ಟಿಗೆ. ಒಂದೆರಡು ಗಂಟೆಯಲ್ಲಿ ಸಾವಿರಾರು ಮೆಗಾವ್ಯಾಟ್ ಸೋಲಾರ್ ಮಾಯ. ಆ ಜಾಗ ಬೇರೆ ಯಾರೋ ತುಂಬಬೇಕು, ಅದೂ ಕೂಡಲೇ.

ರಾಜ್ಯದ ಗರಿಷ್ಠ ಬೇಡಿಕೆ 2025ರ ಬೇಸಿಗೆಯಲ್ಲಿ 18 ಸಾವಿರ ಮೆಗಾವ್ಯಾಟ್ ದಾಟಿತು. ಹಗಲಿನ ಬೇಡಿಕೆಯ ಬಗ್ಗೆ ಈಗ ಅಷ್ಟು ತಲೆಬಿಸಿ ಇಲ್ಲ. ತಲೆಬಿಸಿ ಸಂಜೆಯದ್ದು. ಸೋಲಾರ್ ಇನ್ನಷ್ಟು ಹಾಕಿದರೆ ಸಂಜೆ ಸಮಸ್ಯೆ ಪರಿಹಾರವಾಗುವುದಿಲ್ಲ, ಮಧ್ಯಾಹ್ನದ ಉಕ್ಕು ಜಾಸ್ತಿಯಾಗುತ್ತದೆ ಅಷ್ಟೇ. ಈ ಒಂದು ಮಾತು ತಿಳಿದರೆ ಶರಾವತಿ ಯೋಜನೆಯ ಅರ್ಧ ಅರ್ಥವಾದಂತೆ.

ಗಾಳಿ ಸ್ವಲ್ಪ ನೆರವಾಗುತ್ತದೆ. ಚಿತ್ರದುರ್ಗ, ಗದಗ ಕಡೆಯ ಗಾಳಿಯಂತ್ರಗಳು ಮುಂಗಾರಿನಲ್ಲಿ ರಾತ್ರಿಯೂ ಜೋರಾಗಿ ತಿರುಗುತ್ತವೆ. ಮೋಡ ಕವಿದು ಬಿಸಿಲು ಕಮ್ಮಿಯಾದಾಗ ಗಾಳಿ ಬರುವುದು ಒಳ್ಳೆಯ ಜೋಡಿ. ಆದರೆ ಮಾರ್ಚ್‌ನ ಸುಡು ಸಂಜೆಯಲ್ಲಿ ಅದೂ ಮಂಕು.

## 2023ರ ಅಕ್ಟೋಬರ್

ಹವಾಮಾನ ಏರುಪೇರಾದರೆ ಕರೆಂಟಿಗೆ ಏನಾಗುತ್ತದೆ ಎಂದು ಕರ್ನಾಟಕ 2023ರಲ್ಲಿ ಕಂಡಿತು. ಮುಂಗಾರು ಕೈಕೊಟ್ಟಿತು. 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಎಂದು ಘೋಷಣೆಯಾದವು. ಮಳೆ ಇದ್ದಿದ್ದರೆ ಆ ತಿಂಗಳುಗಳಲ್ಲಿ ಪಂಪ್‌ಸೆಟ್ ಹಾಕುವ ಅಗತ್ಯವೇ ಇರುತ್ತಿರಲಿಲ್ಲ. ಆ ವರ್ಷ ಬೆಳೆ ಉಳಿಸಿಕೊಳ್ಳಲು ರೈತರು ಬೋರ್‌ವೆಲ್ ಮೊರೆ ಹೋದರು. ಬೇಡಿಕೆ ಏರಿತು. ಅದೇ ಮಳೆ ಇಲ್ಲದ ಕಾರಣ ಶರಾವತಿಯ ಲಿಂಗನಮಕ್ಕಿ ಜಲಾಶಯ ತುಂಬಲಿಲ್ಲ, ಜಲವಿದ್ಯುತ್ ಇಳಿಯಿತು. ಗಾಳಿಯ ಕಾಲವೂ ಮುಗಿಯುತ್ತಾ ಬಂದಿತ್ತು. ಬೇಡಿಕೆ ಏರಿಸಿದ್ದೂ ಪೂರೈಕೆ ಇಳಿಸಿದ್ದೂ ಒಂದೇ ಬರ.

ಅಕ್ಟೋಬರ್‌ನಲ್ಲಿ ಲೋಡ್ ಶೆಡ್ಡಿಂಗ್ ಶುರುವಾಯಿತು, ಹಳ್ಳಿಗಳಲ್ಲಿ ಪ್ರತಿಭಟನೆ ನಡೆಯಿತು. ರಾಜ್ಯದಲ್ಲಿ ಕರೆಂಟು ಉತ್ಪಾದಿಸುವ ಖಾಸಗಿ ಕಂಪನಿಗಳು ರಾಜ್ಯಕ್ಕೇ ಮಾರಬೇಕು ಎಂದು ಸರ್ಕಾರ ವಿದ್ಯುತ್ ಕಾಯ್ದೆಯ 11ನೇ ಸೆಕ್ಷನ್ ಬಳಸಿ ಆದೇಶಿಸಿತು. ಉತ್ತರ ಪ್ರದೇಶ ಮತ್ತು ಪಂಜಾಬ್‌ನಿಂದ ಕೈಸಾಲವಾಗಿ ಕರೆಂಟು ತರುವ ಒಪ್ಪಂದವೂ ಆಯಿತು. ಈಗ ತೆಗೆದುಕೊಂಡು ಮುಂದೆ ಅವರಿಗೆ ಬೇಕಾದಾಗ ಹಿಂತಿರುಗಿಸುವ ಪದ್ಧತಿ ಇದು. ದೇಶ ಒಂದೇ ಗ್ರಿಡ್ ಆಗಿದ್ದಕ್ಕೆ ಇದು ಇಷ್ಟು ಸಲೀಸು.

ನಮ್ಮಲ್ಲಿ ಹವಾಮಾನ ಬದಲಾವಣೆ ಅಂದರೆ ಜನ ಹಿಮಕರಡಿಯ ಚಿತ್ರ ನೆನೆಯುತ್ತಾರೆ. ಪಂಪ್‌ಸೆಟ್ ಓಡಿಸುವ ತ್ರೀ ಫೇಸ್ ಕರೆಂಟು ಬಂತಾ ಎಂದು ರಾತ್ರಿ ಎರಡಕ್ಕೆ ಎದ್ದು ನೋಡುವ ರೈತನೂ ಆ ಚಿತ್ರದಲ್ಲಿ ಇರಬೇಕಾದವನೇ.

## ನೀರನ್ನೇ ಬ್ಯಾಟರಿ ಮಾಡುವುದು

ಮಧ್ಯಾಹ್ನದ ಹೆಚ್ಚುವರಿ ಕರೆಂಟನ್ನು ಸಂಜೆಗೆ ಎತ್ತಿಡಬೇಕು. ಇದೇ ಪಂಪ್ಡ್ ಸ್ಟೋರೇಜ್‌ನ ಉದ್ದೇಶ.

ಮನೆಯ ಸಂಪ್ ಮತ್ತು ಓವರ್‌ಹೆಡ್ ಟ್ಯಾಂಕ್ ನೆನೆಯಿರಿ. ಕರೆಂಟು ಇದ್ದಾಗ ಮೋಟರ್ ಹಾಕಿ ನೀರು ಮೇಲಕ್ಕೆ ಏರಿಸುತ್ತೀರಿ. ಬೇಕಾದಾಗ ನಲ್ಲಿ ತಿರುಗಿಸುತ್ತೀರಿ, ನೀರು ತಾನಾಗಿ ಇಳಿಯುತ್ತದೆ. ಆ ಇಳಿಯುವ ನೀರಿಗೆ ಒಂದು ಚಿಕ್ಕ ಟರ್ಬೈನ್ ಅಡ್ಡ ಇಟ್ಟರೆ ಅದೇ ಪಂಪ್ಡ್ ಸ್ಟೋರೇಜ್. ಮಧ್ಯಾಹ್ನ ಕೆಳಗಿನ ಜಲಾಶಯದಿಂದ ಮೇಲಿನದಕ್ಕೆ ನೀರು ಎತ್ತು, ಸಂಜೆ ಕೆಳಗೆ ಬಿಟ್ಟು ಕರೆಂಟು ತೆಗೆ. ಅದೇ ನೀರು ಮೇಲೆ ಕೆಳಗೆ ಓಡಾಡುತ್ತಿರುತ್ತದೆ.

ಹಾಗಾದರೆ ಪ್ರತಿ ಮನೆಯ ಟ್ಯಾಂಕಿನಲ್ಲೂ ಇದನ್ನು ಮಾಡಬಹುದಲ್ಲ? ಲೆಕ್ಕ ಹಾಕಿ ನೋಡಿ. ಸಾವಿರ ಲೀಟರಿನ ಸಿಂಟೆಕ್ಸ್ ಹತ್ತು ಮೀಟರ್ ಎತ್ತರದಲ್ಲಿದೆ ಅಂದುಕೊಳ್ಳಿ. ಪೂರ್ತಿ ಖಾಲಿ ಮಾಡಿದರೂ ಅದರಿಂದ ಬರುವುದು ಒಂಬತ್ತು ವ್ಯಾಟಿನ ಒಂದು ಎಲ್‌ಇಡಿ ಬಲ್ಬ್ ಮೂರು ಗಂಟೆ ಉರಿಯುವಷ್ಟು. ಅದೇ ಸಾವಿರ ಲೀಟರ್ 400 ಮೀಟರ್ ಎತ್ತರದಿಂದ ಬಿದ್ದರೆ ಹೆಚ್ಚೂಕಡಿಮೆ ಒಂದು ಯೂನಿಟ್. ಎಲ್ಲ ಗುಟ್ಟೂ ಎತ್ತರದಲ್ಲಿದೆ. ಕರ್ನಾಟಕದಲ್ಲಿ ಅಂಥ ಎತ್ತರ, ಜತೆಗೆ ನೀರು, ಎರಡೂ ಒಟ್ಟಿಗೆ ಇರುವುದು ಘಟ್ಟದಲ್ಲಿ. ಯೋಜನೆ ಅಲ್ಲಿಗೇ ಹೋಗಿ ನಿಲ್ಲುವುದು ಇದಕ್ಕಾಗಿ.

ಇನ್ನು ನಷ್ಟದ ವಿಷಯ. ನೀರು ಎತ್ತಲು ನೂರು ಯೂನಿಟ್ ಖರ್ಚು ಮಾಡಿದರೆ ವಾಪಸ್ ಬರುವುದು 75ರಿಂದ 80. ಅಂದರೆ ಪಂಪ್ಡ್ ಸ್ಟೋರೇಜ್ ಕರೆಂಟನ್ನು ಹುಟ್ಟಿಸುವುದಿಲ್ಲ, ಸ್ವಲ್ಪ ತಿನ್ನುತ್ತದೆ. ಬೇಡವಾದ ಹೊತ್ತಿನಿಂದ ಬೇಕಾದ ಹೊತ್ತಿಗೆ ದಾಟಿಸಿದ್ದಕ್ಕೆ ಅದು ತೆಗೆದುಕೊಳ್ಳುವ ಕೂಲಿ ಅದು. ಮಧ್ಯಾಹ್ನ ಹೇಗೂ ವ್ಯರ್ಥವಾಗುವ ಬಿಸಿಲಿನ ಕರೆಂಟಾದರೆ ಈ ಕೂಲಿ ದುಬಾರಿಯಲ್ಲ. ನೀರು ಎತ್ತಲು ಕಲ್ಲಿದ್ದಲಿನ ಕರೆಂಟು ಬಳಸಿದರೆ ಮಾತ್ರ ಹೊಗೆ ಇನ್ನೂ ಜಾಸ್ತಿಯಾಗುತ್ತದೆ. ಆದ್ದರಿಂದ ಇಂಥ ಯೋಜನೆ ಹಸಿರೋ ಅಲ್ಲವೋ ಎಂಬುದು ಅದಕ್ಕೆ ಉಣಿಸುವ ಕರೆಂಟಿನ ಮೇಲೆ ನಿಂತಿದೆ.

## ಶರಾವತಿಯಲ್ಲೇ ಯಾಕೆ, ಬೇಡ ಯಾಕೆ

ಶರಾವತಿ ರಾಜ್ಯಕ್ಕೆ ಬಹಳ ಕಾಲದಿಂದ ಬೆಳಕು ಕೊಟ್ಟ ನದಿ. 1948ರಲ್ಲಿ ಜೋಗದ ಮಹಾತ್ಮ ಗಾಂಧಿ ವಿದ್ಯುತ್ ಕೇಂದ್ರ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು. ಆಮೇಲೆ 1,035 ಮೆಗಾವ್ಯಾಟಿನ ಶರಾವತಿ ವಿದ್ಯುದಾಗಾರ, ಕೆಳಗೆ ಗೇರುಸೊಪ್ಪದಲ್ಲಿ 240 ಮೆಗಾವ್ಯಾಟ್. ಮೇಲೆ ತಲಕಳಲೆ ಜಲಾಶಯ, ಕೆಳಗೆ ಗೇರುಸೊಪ್ಪ ಜಲಾಶಯ, ನಡುವೆ 400 ಮೀಟರಿಗೂ ಹೆಚ್ಚು ಎತ್ತರದ ವ್ಯತ್ಯಾಸ. ಎರಡೂ ಜಲಾಶಯಗಳು ಈಗಾಗಲೇ ಇವೆ. ಹೊಸದಾಗಿ ಅಣೆಕಟ್ಟು ಕಟ್ಟಿ ಊರು ಮುಳುಗಿಸಬೇಕಿಲ್ಲ. ಸುರಂಗ ಕೊರೆದು, ನೆಲದಡಿ ವಿದ್ಯುದಾಗಾರ ಮಾಡಿ, 250 ಮೆಗಾವ್ಯಾಟಿನ ಎಂಟು ಯಂತ್ರ ಕೂರಿಸಿದರೆ 2,000 ಮೆಗಾವ್ಯಾಟ್. ಕರ್ನಾಟಕ ವಿದ್ಯುತ್ ನಿಗಮದ ವಾದ ಇದು. ಎಂಜಿನಿಯರಿಂಗ್ ದೃಷ್ಟಿಯಿಂದ ಇದಕ್ಕಿಂತ ಅನುಕೂಲದ ಜಾಗ ಸಿಗುವುದು ಕಷ್ಟ ಅನ್ನುವುದನ್ನು ಒಪ್ಪಬೇಕು.

ಆದರೆ ಆ ಎರಡು ಜಲಾಶಯಗಳ ನಡುವೆ ಇರುವುದು ಶರಾವತಿ ಕಣಿವೆ ಸಿಂಗಳೀಕ ಅಭಯಾರಣ್ಯ. ಸಿಂಗಳೀಕ, ಅಂದರೆ ಸಿಂಹಬಾಲದ ಕೋತಿ, ಪಶ್ಚಿಮಘಟ್ಟ ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ಕಾಡಿನಲ್ಲಿ ಇಲ್ಲ. ಅದು ಮರದಿಂದ ಮರಕ್ಕೇ ಓಡಾಡುವ ಪ್ರಾಣಿ, ನೆಲಕ್ಕೆ ಇಳಿಯುವುದು ಅಪರೂಪ. ಕಾಡಿನ ನೆತ್ತಿ ಎಲ್ಲಾದರೂ ತುಂಡಾದರೆ ಅದರ ದಾರಿಯೂ ತುಂಡು. ಎಕರೆ ಲೆಕ್ಕದಲ್ಲಿ ಚಿಕ್ಕದಾಗಿ ಕಾಣುವ ಒಂದು ರಸ್ತೆ, ಒಂದು ತಂತಿ ಮಾರ್ಗ, ಒಂದು ಮಣ್ಣು ಸುರಿಯುವ ಜಾಗ ಅದಕ್ಕೆ ಗೋಡೆಯಾಗುತ್ತದೆ. ಯೋಜನೆಗೆ ಹದಿನೈದು ಸಾವಿರಕ್ಕೂ ಹೆಚ್ಚು ಮರ ಹೋಗುತ್ತವೆ ಎಂಬ ಅಂದಾಜಿದೆ. ಬದಲಿಗೆ ಬೇರೆ ಕಡೆ ಗಿಡ ನೆಡುತ್ತೇವೆ ಎಂಬ ಮಾತು ಇಂಥ ಕಡೆ ಹೊಂದುವುದಿಲ್ಲ. ನಿತ್ಯಹಸಿರು ಕಾಡು ನೆಟ್ಟು ಬೆಳೆಸುವ ತೋಪಲ್ಲ. ಕಡಿದಾದ ಇಳಿಜಾರಿನಲ್ಲಿ ಸುರಂಗ ಕೊರೆದರೆ ಭೂಕುಸಿತದ ಭಯವೂ ಇದೆ. ಈಚಿನ ಮಳೆಗಾಲಗಳನ್ನು ಕಂಡ ಘಟ್ಟದ ಜನ ಅದನ್ನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ.

ಇದರ ಹಿಂದೆ ಹಳೆಯ ನೋವೂ ಉಂಟು. ಲಿಂಗನಮಕ್ಕಿಗೆ ಮನೆ, ಗದ್ದೆ ಬಿಟ್ಟುಕೊಟ್ಟು ಎದ್ದು ಹೋದ ಕುಟುಂಬಗಳಿಗೆ ಅರವತ್ತು ವರ್ಷವಾದರೂ ಜಮೀನಿನ ಹಕ್ಕುಪತ್ರದ ತಗಾದೆ ಮುಗಿದಿಲ್ಲ. ರಾಜ್ಯಕ್ಕೆ ಬೆಳಕು ಬಂತು, ನಮಗೆ ಏನು ಬಂತು ಎಂದು ಅವರು ಕೇಳಿದರೆ ಅದನ್ನು ಅಭಿವೃದ್ಧಿಗೆ ವಿರೋಧ ಅನ್ನಲಾಗದು.

## ಬೇರೆ ದಾರಿ ಇದೆಯಾ?

ಇದೆ, ಒಂದಲ್ಲ ಹಲವು. ಆದರೆ ಯಾವುದೂ ಒಂದೇ ಸಾಲದು.

ಲಿಥಿಯಂ ಬ್ಯಾಟರಿ ಎಲ್ಲರೂ ಹೇಳುವ ಉತ್ತರ. ಬೆಲೆ ಕೆಲವೇ ವರ್ಷಗಳಲ್ಲಿ ಬಹಳ ಇಳಿದಿದೆ. ಘಟ್ಟ ಬೇಡ, ನೀರು ಬೇಡ, ಸಬ್‌ಸ್ಟೇಷನ್ ಪಕ್ಕದಲ್ಲೇ ಕಂಟೇನರ್ ಇಟ್ಟರೆ ಆಯಿತು. ಕಟ್ಟಲು ಹತ್ತು ವರ್ಷ ಕಾಯಬೇಕಿಲ್ಲ. ನೂರು ಯೂನಿಟ್ ಹಾಕಿದರೆ 85ರ ಮೇಲೆ ವಾಪಸ್ ಬರುತ್ತದೆ. ಆದರೆ ಸಾಮಾನ್ಯವಾಗಿ ಎರಡರಿಂದ ನಾಲ್ಕು ಗಂಟೆಗೆ ಸಾಕಾಗುವಷ್ಟೇ ಕಟ್ಟುತ್ತಾರೆ. ಹತ್ತು ಹದಿನೈದು ವರ್ಷಕ್ಕೆ ಬದಲಿಸಬೇಕು. ಸೆಲ್‌ಗಳಿಗೆ ಹೆಚ್ಚಾಗಿ ಚೀನಾವನ್ನೇ ನೆಚ್ಚಬೇಕು. ಪಂಪ್ಡ್ ಸ್ಟೋರೇಜ್ ಒಮ್ಮೆ ಕಟ್ಟಿದರೆ ನಲವತ್ತು ವರ್ಷ ಮೀರಿ ಓಡುತ್ತದೆ. ಎರಡರ ಖರ್ಚನ್ನು ಹೋಲಿಸುವಾಗ ಈ ಆಯುಸ್ಸಿನ ಲೆಕ್ಕವೂ ಬೇಕು, ಕಾಡಿನ ಬೆಲೆಯ ಲೆಕ್ಕವೂ ಬೇಕು. ಎರಡನೆಯದನ್ನು ರೂಪಾಯಿಯಲ್ಲಿ ಬರೆಯಲು ಯಾರಿಗೂ ಸರಿಯಾಗಿ ಬಂದಿಲ್ಲ.

ಪಂಪ್ಡ್ ಸ್ಟೋರೇಜನ್ನೇ ದಟ್ಟ ಕಾಡಿಲ್ಲದ ಗುಡ್ಡಗಳಲ್ಲಿ ಮಾಡುವುದು ಇನ್ನೊಂದು. ಬೆಳಗಾವಿ ಜಿಲ್ಲೆಯ ಸವದತ್ತಿಯಲ್ಲಿ ರೇಣುಕಾಸಾಗರದ ನೀರು ಬಳಸಿ ಇಂಥದ್ದೊಂದು ಯೋಜನೆ ಹಾಕಿಕೊಂಡಿದ್ದಾರೆ. ಆಂಧ್ರದ ಕರ್ನೂಲು ಬಳಿಯ ಪಿನ್ನಾಪುರಂನಲ್ಲೂ ಅದೇ ದಾರಿ ಹಿಡಿದರು. ಎತ್ತರ ಕಮ್ಮಿ, ಹಾಗಾಗಿ ಅಷ್ಟೇ ಕರೆಂಟಿಗೆ ನೀರು ಜಾಸ್ತಿ ಬೇಕು. ಸಿಂಗಳೀಕ ಮಾತ್ರ ಅಲ್ಲಿಲ್ಲ.

ಮೂರನೆಯದು ಕೈಯಲ್ಲಿರುವ ಜಲಾಶಯವನ್ನೇ ಜಾಣತನದಿಂದ ಬಳಸುವುದು. ಹಗಲು ಸೋಲಾರ್ ಸಾಕಷ್ಟು ಇರುವಾಗ ಶರಾವತಿ ಯಂತ್ರ ನಿಲ್ಲಿಸಿ ನೀರು ಉಳಿಸಿ, ಸಂಜೆಗೆ ಬಿಡುವುದು. ಇದನ್ನು ಈಗಲೂ ಮಾಡುತ್ತಾರೆ. ಆದರೆ ಯಂತ್ರದ ಸಾಮರ್ಥ್ಯ ಮತ್ತು ಆ ವರ್ಷದ ಮಳೆ, ಇವೆರಡರ ಮಿತಿ ಮೀರಲು ಬರುವುದಿಲ್ಲ.

ನನಗೆ ಹೆಚ್ಚು ಕುತೂಹಲ ಹುಟ್ಟಿಸುವುದು ನಾಲ್ಕನೆಯದು, ಯಾಕೆಂದರೆ ಅದರಲ್ಲಿ ಕಟ್ಟಡವೇ ಇಲ್ಲ. ಬಳಕೆಯನ್ನೇ ಬಿಸಿಲಿನ ಹೊತ್ತಿಗೆ ಸರಿಸುವುದು. ಕರ್ನಾಟಕದಲ್ಲಿ ಖರ್ಚಾಗುವ ಕರೆಂಟಿನಲ್ಲಿ ಸುಮಾರು ಮೂರನೇ ಒಂದು ಭಾಗ ನೀರಾವರಿ ಪಂಪ್‌ಸೆಟ್‌ಗಳದ್ದು. ಹಿಂದೆ ಅವಕ್ಕೆ ತ್ರೀ ಫೇಸ್ ಬರುತ್ತಿದ್ದುದು ಹೆಚ್ಚಾಗಿ ರಾತ್ರಿ. ಹಾವು, ಚೇಳು, ಕತ್ತಲು, ಒದ್ದೆ ಗದ್ದೆ. ನಿರಂತರ ಜ್ಯೋತಿ ಯೋಜನೆಯಲ್ಲಿ ಮನೆಗಳ ಲೈನ್ ಬೇರೆ, ಪಂಪ್‌ಸೆಟ್ ಲೈನ್ ಬೇರೆ ಮಾಡಿದ ಮೇಲೆ, ಸೋಲಾರ್ ಬಂದ ಮೇಲೆ, ಹಲವು ಕಡೆ ಹಗಲಲ್ಲೇ ತ್ರೀ ಫೇಸ್ ಕೊಡಲು ಸಾಧ್ಯವಾಯಿತು. ಬಿಸಿಲಿನ ಕರೆಂಟು ಬಿಸಿಲಲ್ಲೇ ಖರ್ಚು. ಎತ್ತಿಡುವ ಗೋಜಿಲ್ಲ, ನಷ್ಟವಿಲ್ಲ, ರೈತನ ನಿದ್ದೆಯೂ ಉಳಿಯಿತು. ಹವಾಮಾನ ಕ್ರಮ ಎಂಬ ಭಾರದ ಹೆಸರಿನಲ್ಲಿ ನಡೆಯುವ ಕೆಲಸಗಳಲ್ಲಿ ಇಷ್ಟು ನೇರವಾಗಿ ಒಬ್ಬ ಮನುಷ್ಯನ ದಿನ ಸುಧಾರಿಸಿದ್ದು ಕಡಿಮೆ.

## ನಿಮ್ಮ ಮೀಟರಿಗೆ ಇದು ಬರುವುದು ಹೇಗೆ

ಎರಡು ದಾರಿಯಲ್ಲಿ. ಮೊದಲನೆಯದು ತಾರಸಿ ಸೋಲಾರ್. 2024ರ ಫೆಬ್ರವರಿಯಲ್ಲಿ ಶುರುವಾದ ಪಿಎಂ ಸೂರ್ಯಘರ್ ಯೋಜನೆಯಲ್ಲಿ ಒಂದು ಕಿಲೋವ್ಯಾಟ್‌ಗೆ 30 ಸಾವಿರ, ಎರಡಕ್ಕೆ 60 ಸಾವಿರ, ಮೂರು ಅಥವಾ ಹೆಚ್ಚಿದ್ದರೆ 78 ಸಾವಿರ ರೂಪಾಯಿ ಸಹಾಯಧನವಿದೆ. ಹಗಲು ನಿಮ್ಮ ಪ್ಯಾನೆಲ್ ಕೊಟ್ಟದ್ದು ಲೈನಿಗೆ ಹೋಗುತ್ತದೆ, ರಾತ್ರಿ ಲೈನಿನಿಂದ ನೀವು ಪಡೆಯುತ್ತೀರಿ, ಬಿಲ್ಲಿನಲ್ಲಿ ವಜಾ ಆಗುತ್ತದೆ. ಸಂಜೆ ಆರರ ಸಮಸ್ಯೆ ಇಲ್ಲೂ ಹಾಗೇ ಇದೆ. ನಿಮ್ಮ ಬಿಲ್ಲು ಇಳಿಯಿತು, ನಿಮ್ಮ ಸಂಜೆಯ ಕರೆಂಟನ್ನು ಹೊಂದಿಸುವ ಕೆಲಸ ಮಾತ್ರ ಕರೆಂಟು ಹಂಚುವ ಕಂಪನಿಯಾದ ಎಸ್ಕಾಂ ತಲೆಯ ಮೇಲೇ ಉಳಿಯಿತು.

ಎರಡನೆಯದು ಹೊತ್ತಿಗೆ ತಕ್ಕ ದರ. ಕೇಂದ್ರ ಸರ್ಕಾರ 2023ರ ಜೂನ್‌ನಲ್ಲಿ ನಿಯಮ ತಿದ್ದಿತು. ಬಿಸಿಲಿನ ಎಂಟು ಗಂಟೆ ದರ ಮಾಮೂಲಿಗಿಂತ ಕನಿಷ್ಠ ಶೇ. 20 ಕಡಿಮೆ ಇರಬೇಕು. ಬೇಡಿಕೆ ಏರುವ ಗಂಟೆಗಳಲ್ಲಿ ಅಂಗಡಿ, ಕಾರ್ಖಾನೆಗಳಿಗೆ ಕನಿಷ್ಠ ಶೇ. 20, ಉಳಿದವರಿಗೆ ಕನಿಷ್ಠ ಶೇ. 10 ಜಾಸ್ತಿ. ಕೃಷಿಗೆ ಇದು ಅನ್ವಯವಿಲ್ಲ. ಮನೆಗೆ ಬರಬೇಕಾದರೆ ಯಾವ ಗಂಟೆಗೆ ಎಷ್ಟು ಯೂನಿಟ್ ಎಂದು ಬರೆದಿಡುವ ಸ್ಮಾರ್ಟ್ ಮೀಟರ್ ಬೇಕು, ರಾಜ್ಯದ ವಿದ್ಯುತ್ ನಿಯಂತ್ರಣ ಆಯೋಗ ದರ ಹೊರಡಿಸಬೇಕು. ಆಗ ವಾಷಿಂಗ್ ಮೆಷಿನ್ನನ್ನು ಸಂಜೆ ಏಳರ ಬದಲು ಮಧ್ಯಾಹ್ನ ಒಂದಕ್ಕೆ ಹಾಕಿದರೆ ದುಡ್ಡು ಉಳಿಯುತ್ತದೆ. ಎಲೆಕ್ಟ್ರಿಕ್ ಸ್ಕೂಟರನ್ನು ರಾತ್ರಿ ಮನೆಯ ಬದಲು ಹಗಲು ಆಫೀಸಿನಲ್ಲಿ ಚಾರ್ಜ್ ಮಾಡುವುದು ಅಗ್ಗ.

ನಮ್ಮ ರಾಜ್ಯದಲ್ಲಿ ಇದಕ್ಕೊಂದು ತೊಡಕು ಇದೆ. ಗೃಹಜ್ಯೋತಿಯಲ್ಲಿ 200 ಯೂನಿಟ್ ಒಳಗಿನ ಅರ್ಹ ಮನೆಗಳಿಗೆ ಬಿಲ್ಲು ಶೂನ್ಯ. ಬಡ ಮನೆಗೆ ಅದು ದೊಡ್ಡ ಆಸರೆ. ಆದರೆ ಬಿಲ್ಲೇ ಶೂನ್ಯವಾದರೆ ಮಧ್ಯಾಹ್ನದ ಯೂನಿಟ್ ಅಗ್ಗ, ಸಂಜೆಯದ್ದು ದುಬಾರಿ ಅನ್ನುವುದು ಆ ಮನೆಗೆ ಗೊತ್ತಾಗುವುದಾದರೂ ಹೇಗೆ? ಹೊತ್ತಿನ ದರ ತಟ್ಟುವುದು ಮಿತಿ ದಾಟುವ ಮನೆ, ಅಂಗಡಿ, ಕಾರ್ಖಾನೆ, ಆಫೀಸುಗಳಿಗೆ. ಸಂಜೆ ಎಸಿ ಓಡುವುದೂ ಹೆಚ್ಚಾಗಿ ಅಲ್ಲೇ, ಹಾಗಾಗಿ ಶುರು ಮಾಡಲು ಅದು ಕೆಟ್ಟ ಜಾಗವೇನಲ್ಲ.